ಕಪ್ಪತಗುಡ್ಡಕ್ಕೆ ಡಿಕ್ಕಿ ಹೊಡೆದ ಸಬ್‌ಮರೀನ್

1987ರಲ್ಲಿ ನಾನು ಗದಗಿನ ಒಂದು ಖಾಸಗಿ ಟೈಪಿಂಗ್ ಶಾಲೆಯಲ್ಲಿ ಕಂಪ್ಯೂಟರ್ ವಿಭಾಗದ ಶಿಕ್ಷಕಿಯಾಗಿದ್ದೆ. ವಿಭಾಗ ಎನ್ನುವುದು ದೊಡ್ಡ ಮಾತು. ಟೈಪ್‌ರೈಟರುಗಳ ಸಾಲಿನ ಹಿಂದೆ ಪ್ಲೈವುಡ್ ಅಡ್ಡ ಹಾಕಿ ಮಾಡಿದ ಕೋಣೆ, ಅದರೊಳಗೆ ಟೀವಿಗೆ ಜೋಡಿಸುವ ಒಂದು ಚಿಕ್ಕ ಕಂಪ್ಯೂಟರ್, ಪ್ರೋಗ್ರಾಂ ಉಳಿಸಿಡಲು ಟೇಪ್ ರೆಕಾರ್ಡರ್, ಜೊತೆಗೆ ನಾನು. ಅದರ ಮೆಮೊರಿ 48 ಕೆ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಆದರೂ ಅದನ್ನು ಮುಟ್ಟುವ ಮೊದಲು ಚಪ್ಪಲಿ ಹೊರಗೆ ಬಿಡಬೇಕಿತ್ತು.

ಶಾಲೆಯ ಮಾಲೀಕರು ವಸಂತರಾಯರು. ಬೆಟಗೇರಿಯ ನೇಕಾರರ ಮನೆಯಿಂದ ಬಂದ ನನಗೆ ಟೈಪಿಂಗ್ ಕಲಿಸಿದವರು, ಕೆಲಸ ಕೊಟ್ಟವರು, ಕಂಪ್ಯೂಟರ್ ಕಲಿಯಲು ಹುಬ್ಬಳ್ಳಿಗೆ ಕಳಿಸಿದವರು ಅವರೇ. ಇಷ್ಟೆಲ್ಲ ಮಾಡಿದವರ ಮೇಲೆ ಸಿಟ್ಟು ಬಂದರೆ ಅದು ಬೇಗ ಇಳಿಯುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಆ ವರ್ಷ ಊರಿನ ಒಂದು ಕಾಲೇಜು ಕಂಪ್ಯೂಟರ್ ಕಲಿಸುವವರ ಹುದ್ದೆಗೆ ಅರ್ಜಿ ಕರೆಯಿತು. ಕಾಯಂ ಹುದ್ದೆ. ಅರ್ಜಿ ಹಾಕಿದವರು ತಾವೇ ಬರೆದ ಒಂದು ಪ್ರೋಗ್ರಾಂ ತೋರಿಸಬೇಕು ಎಂಬ ಷರತ್ತು. ನಾನು ಅಷ್ಟರಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಯುದ್ಧದ ಆಟ ಬರೆದು ಮುಗಿಸಿದ್ದೆ. ಆಡುವವನು ಒಂದು ಸಬ್‌ಮರೀನಿನ ಕ್ಯಾಪ್ಟನ್. ಮೂರು ಬಂದರುಗಳಲ್ಲಿ ಶತ್ರುಗಳ ಸೆರೆಯಲ್ಲಿರುವ ಮೂವರು ನಾವಿಕರನ್ನು ಬಿಡಿಸಿ ತರಬೇಕು. ಬ್ಯಾಲಾಸ್ಟ್ ಟ್ಯಾಂಕಿಗೆ ನೀರು ತುಂಬಿದರೆ ಸಬ್‌ಮರೀನ್ ಮುಳುಗುತ್ತದೆ, ಹೊರಗೆ ಹಾಕಿದರೆ ಏಳುತ್ತದೆ. ನೀರಿನೊಳಗೆ ಬ್ಯಾಟರಿ ಇಳಿಯುತ್ತ ಹೋಗುತ್ತದೆ. ಸೋನಾರ್ ಎಂದರೆ ಶಬ್ದದಿಂದ ದಾರಿ ಅರಿಯುವ ಸಾಧನ. ಬಂಡೆ ಹತ್ತಿರವಾದಂತೆ ಟೀವಿಯಿಂದ ಟಿಣ್ ಟಿಣ್ ಎಂಬ ಸದ್ದು ಬೇಗ ಬೇಗ ಬರುತ್ತಿತ್ತು. ಬಂದರು ಸೇರಿದ ಮೇಲೆ ಕಾವಲುಗಾರನ ಪ್ರಶ್ನೆಗಳಿಗೆ ಉತ್ತರ ಟೈಪ್ ಮಾಡಿ ಕೈದಿಯನ್ನು ಬಿಡಿಸಬೇಕು.

ಇದನ್ನೆಲ್ಲ ಲೈಬ್ರರಿಯ ಹಳೆಯ ವಿಶ್ವಕೋಶ ನೋಡಿ ಕಲಿತಿದ್ದೆ. ಸಮುದ್ರವನ್ನು ಮಾತ್ರ ಎಲ್ಲಿಂದ ತರುವುದು? ನಮ್ಮ ಓಣಿಯಲ್ಲಿ ನಲ್ಲಿ ನೀರು ಬಂದ ದಿನವೇ ಹಬ್ಬ. ನಮ್ಮ ಊರಿನ ಭೀಷ್ಮ ಕೆರೆಗಿಂತ ದೊಡ್ಡ ನೀರನ್ನು ನಾನು ಕಂಡವಳೇ ಅಲ್ಲ. ಹಾಗಾಗಿ ಕಂಡದ್ದನ್ನೇ ಬರೆದೆ. ಸಬ್‌ಮರೀನ್ ಹೊರಡುವ ಬಂದರು ಗದಗ. ಉಳಿದ ಮೂರು ನಮ್ಮ ಸುತ್ತಲಿನ ಊರುಗಳಾದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡವನ್ನು ಇದ್ದ ಹಾಗೆಯೇ ಸಮುದ್ರದ ತಳದಲ್ಲಿ ನಿಲ್ಲಿಸಿದೆ. ನೇರ ಹೋದರೆ ಗುಡ್ಡಕ್ಕೆ ಡಿಕ್ಕಿ, ಸುತ್ತು ಹಾಕಿದರೆ ಬ್ಯಾಟರಿ ಖಾಲಿ. ಕಡಕೋಳದಿಂದ ಡೋಣಿಗೆ ಗುಡ್ಡ ದಾಟುವ ದಾರಿ ಇದೆಯಲ್ಲ, ಆ ಸಂದಿಯೊಂದೇ ಗತಿ. ಪರದೆಯ ಮೇಲೆ ಈ ಊರುಗಳ ಹೆಸರಿರಲಿಲ್ಲ, ಬಂದರು ಒಂದು, ಎರಡು, ಮೂರು ಎಂದಷ್ಟೇ ಇತ್ತು. ಪ್ರೋಗ್ರಾಮಿನೊಳಗೆ ಇಡೀ ಗುಡ್ಡ ಬರೀ ಅಂಕಿಗಳ ಸಾಲಾಗಿ ಕುಳಿತಿತ್ತು.

ಸಂದರ್ಶನಕ್ಕೆ ಒಂದು ವಾರ ಇರುವಾಗ ವಿದ್ಯಾರ್ಥಿಗಳಿಗೆ ತೋರಿಸಲೆಂದು ಕಪಾಟಿನಿಂದ ಕ್ಯಾಸೆಟ್ ತೆಗೆದು ಲೋಡ್ ಮಾಡಿದೆ. ಮೊದಲ ಪರದೆಯಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ರವೀಂದ್ರ ಎಂದು ಬಂತು. ರವೀಂದ್ರ ಎಂದರೆ ವಸಂತರಾಯರ ಅಣ್ಣನ ಮಗ. ಪುಣೆಯಲ್ಲಿ ಓದಿ ಬಂದವನು, ಅದೇ ಹುದ್ದೆಗೆ ಅರ್ಜಿ ಹಾಕಿದವನು. ಹುಡುಗರನ್ನು ಮನೆಗೆ ಕಳಿಸಿ ವಸಂತರಾಯರ ಮೇಜಿನ ಮುಂದೆ ಹೋಗಿ ನಿಂತೆ.

"ಸರ್, ಆ ಆಟ ನಾ ಬರದದ್ದು ಐತ್ರಿ."

ಅವರು ತಲೆ ಎತ್ತಲಿಲ್ಲ. "ಮಷೀನ್ ಯಾರ್ದು? ಕರೆಂಟ್ ಯಾರ್ದು? ನೀ ಇವತ್ತಲ್ಲ ನಾಳಿ ಲಗ್ನಾ ಮಾಡ್ಕೊಂಡು ಹೋಗಾಕಿ. ಅವಂಗ ನೌಕರಿ ಬೇಕು. ಗಂಡನ ಮನಿಗೆ ಸಬ್‌ಮರೀನ್ ತಗೊಂಡು ಹೋಗ್ತಿಯೇನು?"

"ನಾನೂ ಅರ್ಜಿ ಹಾಕೀನ್ರಿ. ಕಮಿಟಿ ಮುಂದ ಹೇಳ್ತೀನಿ."

"ಹೇಳು. ರವಿ ಹೇಳಿದ್ದನ್ನ ನೀ ಟೈಪ್ ಮಾಡಿದಿ ಅಂತ ನಾ ಹೇಳ್ತೀನಿ. ಟೈಪಿಂಗ್ ಮಾಡಾಕಿ ಹೌದಿಲ್ಲೋ ನೀ?"

ಆ ಕೊನೆಯ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ನನಗೆ ಟೈಪಿಂಗ್ ಕಲಿಸಿದ ಬಾಯಿಂದಲೇ ಅದು ಬಂದಿತ್ತು. ಮನೆಗೆ ಹೋಗಿ ಹೇಳಿದರೆ ಮಗ್ಗದ ಮುಂದೆ ಕುಳಿತಿದ್ದ ಅಪ್ಪ, "ಬಿಡವಾ, ದೊಡ್ಡೋರ ಜೋಡಿ ಯಾಕ ಬೇಕು ನಮಗ," ಎಂದು ಮತ್ತೆ ಲಾಳಿ ಎಸೆಯತೊಡಗಿದರು. ಬಿಡುವ ಮನಸ್ಸು ನನಗಿರಲಿಲ್ಲ. ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಆ ಕ್ಯಾಸೆಟ್ ಮೇಲೆ ಒಮ್ಮೆ ಆಡಿಸಿದ್ದರೆ ಆಟವೆಲ್ಲ ಅಳಿಸಿಹೋಗುತ್ತಿತ್ತು. ಹಾಗೆ ಮಾಡಲು ಒಂದು ಸಂಜೆ ಕಪಾಟಿನ ತನಕ ಹೋಗಿದ್ದೆ ಕೂಡ. ಆದರೆ ಟೇಪ್ ಹಾಳಾದರೆ ಅಯ್ಯೋ ಪಾಪ ಎಂದು ಜನ ಕನಿಕರಿಸುವುದು ರವೀಂದ್ರನಿಗೇ. ನನಗೆ ಅವನು ನಾಲ್ಕು ಜನರ ಎದುರು ಮುಳುಗುವುದು ಬೇಕಿತ್ತು. ಅವನ ಚಿಕ್ಕಪ್ಪ ಅದನ್ನು ಕಣ್ಣಾರೆ ನೋಡುವುದೂ ಬೇಕಿತ್ತು.

ಕಾಲೇಜಿಗೆ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲವಾದ್ದರಿಂದ ಸಮಿತಿಯವರೇ ನಮ್ಮ ಶಾಲೆಗೆ ಬಂದರು. ಪ್ರಾಚಾರ್ಯರು ಹಾಗೂ ಆಡಳಿತ ಮಂಡಳಿಯ ರಜಾಕ್ ಸಾಹೇಬರು. ಸಾಹೇಬರು ಮುಂಡರಗಿಯವರು, ಶೇಂಗಾ ವ್ಯಾಪಾರಕ್ಕೆ ಸುತ್ತಲಿನ ಊರುಗಳನ್ನೆಲ್ಲ ಜೀಪಿನಲ್ಲಿ ತಿರುಗುವವರು. ಅರ್ಜಿ ಹಾಕಿದವರಲ್ಲಿ ಕೊನೆಗೆ ಉಳಿದದ್ದು ರವೀಂದ್ರ ಮತ್ತು ನಾನು. ಮೊದಲು ಅವನ ಸರದಿ. ಕ್ಯಾಸೆಟ್ ಲೋಡ್ ಮಾಡಲು ವಸಂತರಾಯರು ನನಗೇ ಹೇಳಿದರು, ಚಹಾ ತರಲು ಹೇಳಿದ ಹಾಗೆ. ಲೋಡ್ ಮಾಡಿದೆ.

ರವೀಂದ್ರ ಚೆನ್ನಾಗಿ ಮಾತಾಡಿದ. "ಅರಬ್ಬಿ ಸಮುದ್ರದ ನೌಕಾ ನಕ್ಷೆ ಅಭ್ಯಾಸ ಮಾಡಿ ಇದರ ತಳ ತಯಾರು ಮಾಡೇನ್ರಿ," ಎಂದ. ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ಹೋಗಿ ಇಬ್ಬರು ನಾವಿಕರನ್ನು ಬಿಡಿಸಿದ. ಅಷ್ಟನ್ನು ಯಾರು ಬೇಕಾದರೂ ಆಡಬಹುದು. ಪ್ರಾಚಾರ್ಯರು ತಲೆದೂಗಿದರು. ರಜಾಕ್ ಸಾಹೇಬರಿಗೆ ಆಟದ ರುಚಿ ಹತ್ತಿತ್ತು. "ಆ ಮೂರನೇದಂವನ್ನೂ ಬಿಡಿಸ್ಕೊಂಡು ಬರ್ರಿ, ನೋಡೇಬಿಡೋಣು," ಎಂದರು.

ರವೀಂದ್ರ ನೇರ ಹೊರಟ. ಗುಡ್ಡಕ್ಕೆ ಬಡಿದ. ಮತ್ತೆ ಹೊರಟ, ಇನ್ನಷ್ಟು ಆಳಕ್ಕೆ ಇಳಿಸಿದ, ಮತ್ತೆ ಬಡಿದ. ಗುಡ್ಡಕ್ಕೆ ಆಳದಲ್ಲಿ ಬುಡ ಇನ್ನೂ ಅಗಲ ಎಂಬುದು ಅವನಿಗೆ ಹೊಳೆಯಲಿಲ್ಲ. ಮೂರನೆಯ ಸಲ ಸುತ್ತು ಹಾಕಲು ಹೋಗಿ ಬ್ಯಾಟರಿ ಮುಗಿದು ನಡುನೀರಿನಲ್ಲಿ ನಿಂತ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಹೊಟ್ಟೆ ತಂಪಾಗುತ್ತಿತ್ತು. ಹೀಗೆ ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

"ಈ ಲೆವೆಲ್ ಭಾಳ ಕಠಿಣ ಇಟ್ಟೇನ್ರಿ," ಎಂದ ರವೀಂದ್ರ.

ಆಗ ನಾನು ಎದ್ದೆ. "ಸರ್, ಇನ್ನ ನನ್ನ ಪಾಳಿ. ನನ್ನ ಪ್ರೋಗ್ರಾಮೂ ಇದ ಐತ್ರಿ."

"ಗಿರಿಜಾ, ಹೊರಗ ನಡಿ!" ವಸಂತರಾಯರು ಗುಡುಗಿದರು. ಪ್ರಾಚಾರ್ಯರು ಕೈ ಅಡ್ಡ ಮಾಡಿ, "ಇರ್ಲಿ, ಆಕಿನೂ ತೋರಸ್ಲಿ," ಎಂದರು.

ನಾನು ಟೀವಿಯನ್ನು ಸಮಿತಿಯವರ ಕಡೆ ತಿರುಗಿಸಿದೆ. ನನಗೀಗ ಕಾಣುತ್ತಿದ್ದದ್ದು ಟೀವಿಯ ಬೆನ್ನಿನ ತೂತುಗಳು ಮಾತ್ರ. ಕೀಲಿಗಳ ಮೇಲೆ ಬೆರಳಿಟ್ಟು ಎರಡು ಬಂದರು ಮುಗಿಸಿಕೊಂಡು ಶಿರಹಟ್ಟಿಯಲ್ಲಿ ನಿಂತೆ.

"ಸಾಹೇಬ್ರ, ಶಿರಹಟ್ಟಿಯಿಂದ ನಿಮ್ಮ ಊರಿಗೆ ಯಾವ ದಾರಿಲೆ ಹೋಗ್ತೀರಿ?"

"ಯಾಕವಾ? ಜಲ್ದಿ ಮುಟ್ಟಬೇಕಂದ್ರ ಕಡಕೋಳದ ಮ್ಯಾಲ ಗುಡ್ಡಾ ದಾಟಿ ಹೋಗೂದು."

"ಹಂಗಾರ ನೀವು ದಾರಿ ಹೇಳ್ರಿ. ನಾ ಸಬ್‌ಮರೀನ್ ಹೊಡೀತೀನಿ."

ಸಾಹೇಬರು ನಕ್ಕು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಸೀದಾ ನಡಿ. ನಡಿ... ಕಡಕೋಳ ಬಂತನ್ನು. ಈಗ ಸ್ವಲ್ಪ ಎಡಕ್ಕ." ಸೋನಾರಿನ ಸದ್ದು ಬೇಗ ಬೇಗ ಬರತೊಡಗಿತು. ವೇಗ ಇಳಿಸಿ ಎಡಕ್ಕೆ ತಿರುಗಿಸಿದೆ. ಸದ್ದು ನಿಧಾನವಾಯಿತು. "ಅರೇ, ಸಂದ್ಯಾಗ ಹೊಕ್ಕಿತಲ್ಲ ಇದು! ಡೋಣಿ ಆತಲ್ಲ, ಇನ್ನ ಬಲಕ್ಕ ಹೊಳ್ಳು!" ಬಲಕ್ಕೆ ಹೊರಳಿದೆ. ಸ್ವಲ್ಪ ಹೊತ್ತಿಗೆ ಬಂದರು ಸೇರಿದ ಗಂಟೆ ಟೀವಿಯಿಂದ ಕೇಳಿಸಿತು. ಕಾವಲುಗಾರನಿಗೆ ಉತ್ತರ ಟೈಪ್ ಮಾಡಿ ಮೂರನೆಯ ನಾವಿಕನನ್ನೂ ಬಿಡಿಸಿದೆ.

ರಜಾಕ್ ಸಾಹೇಬರು ರವೀಂದ್ರನ ಕಡೆ ತಿರುಗಿದರು. "ಏನಪಾ, ನಮ್ಮ ಕಪ್ಪತಗುಡ್ಡ ಅರಬ್ಬಿ ಸಮುದ್ರಕ್ಕ ಯಾವಾಗ ಹೋತು? ನಮಗ ಖಬರ ಇಲ್ಲ!"

ಪ್ರಾಚಾರ್ಯರು ಪ್ರೋಗ್ರಾಮಿನ ಸಾಲುಗಳನ್ನು ಪರದೆಗೆ ತರಿಸಿ ಅಂಕಿಗಳ ಅರ್ಥ ಇಬ್ಬರನ್ನೂ ಕೇಳಿದರು. ರವೀಂದ್ರನಿಗೆ ಒಂದೂ ಬರಲಿಲ್ಲ. ನಾನು ಗುಡ್ಡದ ಒಂದೊಂದು ತುದಿಯನ್ನೂ ತೋರಿಸಿದೆ. ಹುದ್ದೆ ನನ್ನದೆಂದು ಅಲ್ಲೇ ತೀರ್ಮಾನವಾಯಿತು. ಆಮೇಲೆ ಪ್ರಾಚಾರ್ಯರು ನನ್ನನ್ನು ಬದಿಗೆ ಕರೆದರು. "ನೌಕರಿ ಸಿಕ್ತಲ್ಲವಾ. ರಾಯರು ಹಿರಿಯರು, ಊರಾಗ ಮರ್ಯಾದಿ ಇದ್ದವರು. ಇಬ್ಬರೂ ಕೂಡಿ ಬರದ್ರು ಅಂತ ಹೇಳಿ ಮುಗಿಸಿಬಿಡೋಣು."

"ಇಲ್ರಿ ಸರ್. ನನಗ 'ಟೈಪಿಂಗ್ ಮಾಡಾಕಿ' ಅಂದ್ರು. ಟೈಪಿಂಗ್ ಕ್ಲಾಸಿನ್ಯಾಗನ ಅವರು ಖರೆ ಹೇಳಬೇಕು."

ಪ್ರಾಚಾರ್ಯರು ಎಷ್ಟು ಹೇಳಿದರೂ ನಾನು ಜಗ್ಗಲಿಲ್ಲ. ಕೊನೆಗೆ ವಸಂತರಾಯರು ಪ್ಲೈವುಡ್ ಬಾಗಿಲು ದಾಟಿ ಹೊರಗೆ ಬಂದರು. ಟೈಪ್‌ರೈಟರುಗಳು ಒಂದೊಂದಾಗಿ ನಿಂತವು. ನೆಲ ನೋಡುತ್ತ, "ಆ ಆಟ ಗಿರಿಜಾ ಬರದದ್ದು," ಎಂದು ಗೊಣಗಿದರು.

"ಹಿಂದಿನ ಸಾಲಿಗೆ ಕೇಳಿಲ್ರಿ ಸರ್," ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಡಿಕ್ಟೇಶನ್ ಕೊಡುವ ಆ ದೊಡ್ಡ ದನಿಯಲ್ಲಿ ಪೂರ್ತಿ ವಾಕ್ಯವನ್ನು ಇನ್ನೊಮ್ಮೆ ಹೇಳಿದರು. ನೇಮಕದ ಸುದ್ದಿ ಕೇಳಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕಾಲೇಜಿನಲ್ಲಿ ನಿವೃತ್ತಿಯ ತನಕ ಕಲಿಸಿದೆ. ತಪ್ಪು ಪ್ರೋಗ್ರಾಂ ಬರೆದ ಯಾವ ವಿದ್ಯಾರ್ಥಿಯನ್ನೂ ಬೈದವಳಲ್ಲ. ಇನ್ನೊಬ್ಬರದ್ದಕ್ಕೆ ತಮ್ಮ ಹೆಸರು ಹಾಕಿ ತಂದವರನ್ನು ಮಾತ್ರ ಇಡೀ ತರಗತಿಯ ಎದುರು ನಿಲ್ಲಿಸಿ ಒಂದೊಂದು ಸಾಲನ್ನೂ ವಿವರಿಸಲು ಹೇಳುತ್ತಿದ್ದೆ. ಇದು ಕ್ರೂರ ಎಂದು ಕೆಲವು ಪಾಲಕರು ದೂರಿದರು. ಇರಬಹುದು. ಕೆಲಸವನ್ನು ಮಾಡಿದವರು ವಿವರಿಸಬಲ್ಲರು, ಕದ್ದವರು ವಿವರಿಸಲಾರರು. ಈ ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ, ಇದನ್ನು ಸಡಿಲಿಸಲು ನನಗೆ ಯಾವ ಕಾರಣವೂ ಕಾಣಲಿಲ್ಲ.

1989ರಲ್ಲಿ ಒಂದು ಮಧ್ಯಾಹ್ನ ವಸಂತರಾಯರು ನನ್ನ ಲ್ಯಾಬಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು, ತಮ್ಮ ಹೊಸ ಬ್ಯಾಚಿಗೆ ತೋರಿಸಲು ಆ ಆಟದ ಒಂದು ಕಾಪಿ ಬೇಕಿತ್ತು ಎಂದರು. ನಾನು ಕ್ಯಾಸೆಟ್ ತೆಗೆಯುವಾಗ ಮೆಲ್ಲಗೆ ಕೇಳಿದರು:

"ಇನ್ನೂ ಸಿಟ್ಟೈತೇನವಾ ನನ್ನ ಮ್ಯಾಲ?"

"ಐತ್ರಿ ಸರ್. ಕುಂಡ್ರಿ, ಚಹಾ ತರಸ್ತೀನಿ."

ಕುಳಿತು ಚಹಾ ಕುಡಿದರು. ಕ್ಯಾಸೆಟ್ ಕೊಟ್ಟು ಕಳಿಸಿದೆ. ಕ್ಷಮಿಸು ಎಂದು ಅವರೂ ಕೇಳಲಿಲ್ಲ, ನಾನೂ ಕ್ಷಮಿಸಲಿಲ್ಲ.