ಒಕ್ಕಣ್ಣ ದೈತ್ಯನ ಅರವತ್ತು ಸಾವು

ಮಂಡಿಕಲ್ ಹೋಬಳಿಯ ವೆಂಕಟರವಣಪ್ಪನವರು ಬೆಳಗಿನ ಹೊತ್ತು ಊರ ಹಾಲಿನ ಡೈರಿಯ ಸೆಕ್ರೆಟರಿ, ನಾಟಕವಿದ್ದ ದಿನ ರಾಕ್ಷಸ. ಇಪ್ಪತ್ತಾರು ವರ್ಷಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟದ ಸುತ್ತಿನ ಊರುಗಳ ಪೌರಾಣಿಕ ನಾಟಕಗಳಲ್ಲಿ ಅವರು ಹಾಕದ ರಾಕ್ಷಸನ ವೇಷವಿರಲಿಲ್ಲ. ಆಳು ಕುಳ್ಳು. ಆದರೆ ಪರದೆಯ ಹಿಂದಿನಿಂದ ಒಮ್ಮೆ ಅಬ್ಬರಿಸಿದರೆ ಮುಂದೆ ಕೂತ ಮಕ್ಕಳು ಎದ್ದು ಅಮ್ಮಂದಿರ ಮಡಿಲಿಗೆ ಓಡುತ್ತಿದ್ದವು. ಡೈರಿಗೆ ಹಾಲು ತರುವ ಹೆಂಗಸರು ಮಾತ್ರ ಆ ಗಂಟಲಿಗೆ ಹೆದರುತ್ತಿರಲಿಲ್ಲ. ಫ್ಯಾಟ್ ಕಡಿಮೆ ಬಂದರೆ ರಾಕ್ಷಸನಿಗೇ ಗದರಿ ಹೋಗುತ್ತಿದ್ದರು.

ತಂಗಿಯ ಮಗಳು ತನುಜ ಬೆಂಗಳೂರಿನಲ್ಲಿ ವಿಡಿಯೋ ಗೇಮ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಸದ್ದುಗಳ ಕೆಲಸ ನೋಡಿಕೊಳ್ಳುತ್ತಿದ್ದಳು. ಆಗ ಅವರು ಮಾಡುತ್ತಿದ್ದುದು ಗ್ರೀಕ್ ಪುರಾಣದ ಮೇಲೆ ಕಟ್ಟಿದ ಆಟ. ಪಾತಾಳದಲ್ಲಿ ಸಿಕ್ಕಿಕೊಂಡ ತಂಗಿಯನ್ನು ಬಿಡಿಸಿಕೊಂಡು ಬರಲು ಹೊರಟ ವೀರ, ದಾರಿಗೆ ಅಡ್ಡ ಬಂದವರನ್ನೆಲ್ಲ ಕಡಿಯುತ್ತ ಹೋಗಬೇಕು. ಎರಡನೇ ಹಂತದಲ್ಲಿ ಒಂದೇ ಕಣ್ಣಿನ ದೈತ್ಯರು ಎದುರಾಗುತ್ತಾರೆ. ಅವರಿಗೆ ಹೊಂದುವ ದನಿ ಬೆಂಗಳೂರಿನಲ್ಲಿ ಎಷ್ಟು ಹುಡುಕಿದರೂ ಸಿಗದೆ ತನುಜ ಮಾವನಿಗೆ ಫೋನ್ ಮಾಡಿದಳು.

"ಮಾತು ಗೀತು ಏನಿಲ್ಲ ಮಾವ. ಬರೀ ಅಬ್ಬರಿಸೋದು, ಸಾಯೋದು. ಒಂದು ದಿನದ ಕೆಲಸ."

"ಸಾಯೋದು ನನಗೇನು ಹೊಸದೇನಮ್ಮ? ಬರ್ತೀನಿ ಬಿಡು," ಅಂದರು ವೆಂಕಟರವಣಪ್ಪ.

ಸ್ಟುಡಿಯೋ ಅಂದರೆ ಗೋಡೆಗೆಲ್ಲ ಸ್ಪಂಜು ಹೊಡೆದ ಪುಟ್ಟ ಕೋಣೆ. ಗಾಜಿನ ಆಚೆ ತನುಜ, ಅವಳ ಮೇಲಧಿಕಾರಿ ಸಿದ್ಧಾರ್ಥ್ ಎಂಬ ಯುವಕ. ಮೊದಲು ಅಬ್ಬರ. ವೆಂಕಟರವಣಪ್ಪ ಪಂಚೆ ಬಿಗಿದು ಕಟ್ಟಿಕೊಂಡು ಒಂದು ಸಲ ಗರ್ಜಿಸಿದ್ದಕ್ಕೆ ಸಿದ್ಧಾರ್ಥ್ ಕಿವಿಯ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದ. ಆಮೇಲೆ ಇಬ್ಬರೂ ನಕ್ಕರು.

ತೊಡಕಾದದ್ದು ಸಾವಿನಲ್ಲಿ. ಮೊದಲ ಸಲ ವೆಂಕಟರವಣಪ್ಪ ನಾಟಕದಲ್ಲಿ ಸಾಯುವ ಹಾಗೇ ಸತ್ತರು. ಪೆಟ್ಟು ಬಿತ್ತು, ನರಳಿದರು, ವೈರಿಯನ್ನು ಹೆಸರು ಹಿಡಿದು ಮೂದಲಿಸಿದರು, ಇನ್ನೇನು ಕಂದಪದ್ಯಕ್ಕೆ ರಾಗ ಎಳೆಯಬೇಕು, ಅಷ್ಟರಲ್ಲಿ ಸಿದ್ಧಾರ್ಥ್ ಕೈ ಎತ್ತಿದ.

"ಅಂಕಲ್, ಸೂಪರ್. ಆದ್ರೆ ನಮಗೆ ನಾಲ್ಕು ಸೆಕೆಂಡ್ ಸಾಕು."

"ನಾಲ್ಕು ಸೆಕೆಂಡಲ್ಲಿ ಸಾಯ್ಬೇಕಾ? ಎಂಥಾ ರಾಕ್ಷಸ ಆದ್ರೂ ಸಾಯೋ ಮುಂಚೆ ಒಂದು ಪದ ಹಾಡ್ತಾನೆ ಕಣಪ್ಪ. ಅವನಿಗೂ ಒಂದು ಮನಸ್ಸಿರತ್ತಲ್ಲ."

"ಆಡೋರು ಕಾಯಲ್ಲ ಅಂಕಲ್. ಹಿಂದೇನೇ ಇನ್ನೊಬ್ಬ ಬಂದಿರ್ತಾನೆ."

ತನುಜಳ ಪಟ್ಟಿಯಲ್ಲಿ ಅರವತ್ತು ಸಾವುಗಳಿದ್ದವು. ಕತ್ತಿಯ ಪೆಟ್ಟಿಗೆ, ಬೆಂಕಿಗೆ, ಬಂಡೆಯಿಂದ ಬಿದ್ದು, ಕಣ್ಣಿಗೆ ಈಟಿ ನಾಟಿ. ವೆಂಕಟರವಣಪ್ಪ ಒಂದೊಂದಾಗಿ ಮಾಡಿಕೊಡತೊಡಗಿದರು. ನಾಟಕದಲ್ಲಾದರೆ ಸತ್ತವನು ಒಳಗೆ ಹೋಗಿ ಬಣ್ಣ ಒರೆಸಿ, ಟೀ ಕುಡಿದು, ಪರದೆಯ ಸಂದಿಯಿಂದ ಮಿಕ್ಕ ನಾಟಕ ನೋಡಬಹುದು. ಇಲ್ಲಿ ಸತ್ತು ಉಸಿರು ತಿರುಗಿಸುವಷ್ಟರಲ್ಲಿ ಮತ್ತೆ ಸಾಯಬೇಕು. ಮಧ್ಯಾಹ್ನದ ಊಟಕ್ಕೆ ಕೂತಾಗ ತುತ್ತು ಒಳಗೆ ಇಳಿಯಲಿಲ್ಲ. ಗಂಟಲು ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಯಾರೋ ನಿಜವಾಗಿ ಹೊಡೆದ ಹಾಗೆ ಮೈ ನೊಂದಿತ್ತು.

"ಅವನು ಯಾರಮ್ಮ, ಈ ಒಕ್ಕಣ್ಣ? ಏನು ಮಾಡ್ಕೊಂಡಿದ್ದ?" ಎಂದು ಕೇಳಿದರು.

ಆಟಕ್ಕೆ ಅದು ಬೇಕಿರಲಿಲ್ಲ. ಆದರೆ ತನುಜ ಹಳೆಯ ಕಥೆಗಳನ್ನು ಓದಿದ್ದಳು. "ಕಥೇಲಿ ಅವನು ಗುಹೇಲಿ ಒಬ್ಬನೇ ಇರ್ತಾನೆ ಮಾವ. ಕುರಿ ಸಾಕಿರ್ತಾನೆ. ಸಾಯಂಕಾಲ ತಾನೇ ಹಾಲು ಕರೆದು ಹೆಪ್ಪು ಹಾಕಿ ಗಿಣ್ಣಿನ ಥರ ಮಾಡಿ ಇಡ್ತಾನೆ. ಒಳಗೆ ಬಂದೋರನ್ನ ತಿಂದೂ ಹಾಕ್ತಾನೆ ಅನ್ನಿ."

"ಹಾಲು ಕರೀತಿದ್ನಾ?"

"ಹೂಂ ಮಾವ. ಪಾತ್ರೆ ಎಲ್ಲ ಸಾಲಾಗಿ ಜೋಡಿಸಿ ಇಟ್ಕೊಂಡಿರ್ತಾನೆ."

ವೆಂಕಟರವಣಪ್ಪ ತಟ್ಟೆ ಸರಿಸಿ ಎದ್ದರು. ಕೈ ತೊಳೆದುಕೊಂಡು ಬಂದು ಮತ್ತೆ ಮೈಕಿನ ಮುಂದೆ ನಿಂತರು. ಐವತ್ತೊಂಬತ್ತು ಸಾವು ಪಟ್ಟಿಯಲ್ಲಿದ್ದಂತೆಯೇ ಮುಗಿದವು. ಕೊನೆಯದಕ್ಕೆ ಅವರು ಕಿರುಚಲಿಲ್ಲ. ಕಣ್ಣು ಕತ್ತಲಾದವನಂತೆ ಕೈಯಾಡಿಸುತ್ತ, ಹುಡುಗನಾಗಿದ್ದಾಗ ಗುಡ್ಡದ ಮೇಲೆ ಕುರಿಗಳನ್ನು ಕರೆಯುತ್ತಿದ್ದ ಹಾಗೆ, ನಾಲಿಗೆ ಹೊರಳಿಸಿ ಎರಡು ಸಲ ಕರೆದರು. ಮೂರನೇ ಸಲ ದನಿ ಹೊರಡಲಿಲ್ಲ.

ಗಾಜಿನ ಆಚೆ ಸಿದ್ಧಾರ್ಥ್ ಗಡಿಯಾರ ನೋಡಲು ಮರೆತ. "ಒಂಬತ್ತು ಸೆಕೆಂಡ್ ಆಯ್ತು," ಅಂದಳು ತನುಜ. "ಇರಲಿ," ಅಂದ.

ಹೋದ ದನಿ ಮಾರನೆಯ ದಿನವೂ ಬರಲಿಲ್ಲ. ಚಿಕ್ಕಬಳ್ಳಾಪುರದ ಗಂಟಲಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಒಳಗೆ ಊದಿಕೊಂಡಿದೆ, ಒಂದು ತಿಂಗಳು ಪಿಸುಮಾತೂ ಆಡಬೇಡಿ ಅಂದರು. ಮೂರು ವಾರಕ್ಕೆ ಶಿಡ್ಲಘಟ್ಟದಲ್ಲಿ ನಾಟಕವಿತ್ತು. ರಾಕ್ಷಸನ ಪಾತ್ರ ಚಿರಂಜೀವಿ ಎಂಬವನಿಗೆ ಹೋಯಿತು. ಅವನು ಅಂಬಾಜಿದುರ್ಗದ ಕಡೆಯವನು, ಅಲ್ಲಿಯವರೆಗೆ ಸೇವಕನ ಪಾತ್ರ ಮಾಡುತ್ತಿದ್ದವನು. ವೆಂಕಟರವಣಪ್ಪ ಡೈರಿಯ ಹಳೇ ಚೀಟಿಗಳ ಹಿಂದೆ ಬರೆದು ಬರೆದು ಅವನಿಗೆ ಪಾತ್ರ ಹೇಳಿಕೊಟ್ಟರು. ನಾಟಕದ ದಿನ ಮೊದಲ ಬಾರಿಗೆ ಜನರ ನಡುವೆ ಕೂತು ನೋಡಿದರು. ಮನೆಗೆ ಬಂದು ಹೆಂಡತಿ ಅಕ್ಕಯಮ್ಮನಿಗೆ ಚೀಟಿ ತೋರಿಸಿದರು: "ಚೆನ್ನಾಗೇ ಮಾಡ್ದ." ಊಟ ಮಾಡದೆ ಮಲಗಿದರು.

ತನುಜಳ ಮೇಲೆ ಅಕ್ಕಯಮ್ಮನಿಗೆ ಸಿಟ್ಟು. ಆಟ ತಯಾರಾಗಿ ಅವಳು ಅದನ್ನು ತಂದು ಟೀವಿಗೆ ಜೋಡಿಸಿದ ದಿನವೂ ಅಡುಗೆಮನೆಯಿಂದ ಆಚೆ ಬರಲಿಲ್ಲ. ನಡುಮನೆಯಲ್ಲಿ ಗಂಡನ ಅಬ್ಬರ ಕೇಳಿಸಿದ ಮೇಲೆ, ಸೌಟು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತರು. ಡಾಕ್ಟರು ಹೇಳಿದ ಗಡುವು ದಾಟಿದರೂ, ಎರಡು ತಿಂಗಳಿಂದ ಆ ಮನೆಯಲ್ಲಿ ಆ ದನಿ ಇರಲಿಲ್ಲ; ಒಕ್ಕಣ್ಣನ ಕಥೆಯನ್ನೂ ಗಂಡ ಚೀಟಿಯಲ್ಲೇ ಬರೆದು ಹೇಳಿದ್ದರು.

ಟೀವಿಯಲ್ಲಿ ವೀರ ಕತ್ತಿ ಬೀಸಿದ. ದೈತ್ಯನ ಭುಜದಿಂದ ರಕ್ತ ಚಿಮ್ಮಿತು, ವೆಂಕಟರವಣಪ್ಪನವರ ದನಿ ನರಳಿತು.

"ಹೊಡೀಬೇಡ್ವೇ!" ಅಂದರು ಅಕ್ಕಯಮ್ಮ.

"ಅತ್ತೆ, ನಾನು ಹೊಡೀದಿದ್ರೆ ಅವನು ನನ್ನ ಹೊಡೀತಾನೆ."

"ಹೊಡೀಲಿ ಬಿಡು. ಕುರಿ ಕಾಯ್ಕೊಂಡಿದ್ದೋನ ಮನೆಗೆ ನೀನ್ಯಾಕೆ ನುಗ್ದೆ?"

ತನುಜ ಕೈಯಲ್ಲಿದ್ದ ರಿಮೋಟು ಕೆಳಗಿಟ್ಟಳು. ದೈತ್ಯ ಎರಡೇ ಏಟಿಗೆ ವೀರನನ್ನು ಮುಗಿಸಿ, ಎದೆ ಬಡಿದುಕೊಂಡು ಗರ್ಜಿಸಿದ. ವೆಂಕಟರವಣಪ್ಪನವರಿಗೆ ನಗು ತಡೆಯಲಾಗಲಿಲ್ಲ. ನಗುತ್ತ ಕೆಮ್ಮಿದರು, ಕೆಮ್ಮುತ್ತ ಕಣ್ಣೊರೆಸಿಕೊಂಡರು. ಆಮೇಲೆ ತಾವೇ ತನುಜಳಿಗೆ ಆಡು ಎಂದು ಸನ್ನೆ ಮಾಡಿದರು. ಅವರಿಗೆ ಕೊನೆಯ ಸಾವು ಕೇಳಬೇಕಿತ್ತು. ಆ ದೈತ್ಯ ಉರುಳಿ ಕುರಿಗಳನ್ನು ಕರೆದಾಗ, ಗುಹೆಯ ಮೂಲೆಯಿಂದ ಒಂದು ಕುರಿ ಹೊರಬಂದು ಅವನ ಪಕ್ಕದಲ್ಲಿ ನಿಂತಿತು.

"ಕುರಿ ಮೊದಲು ಇರಲಿಲ್ಲ ಮಾವ," ಅಂದಳು ತನುಜ. "ನಿಮ್ಮ ರೆಕಾರ್ಡಿಂಗ್ ಕೇಳಿದ ಮೇಲೆ ಸಿದ್ಧಾರ್ಥ್ ಹಾಕಿಸಿದ್ದು."

ದನಿ ನಿಧಾನವಾಗಿ ಬಂತು, ಮೊದಲಿನಷ್ಟು ದಪ್ಪವಾಗಿ ಅಲ್ಲ. ಮುಂದಿನ ವರ್ಷ ಆಟದ ಎರಡನೇ ಭಾಗಕ್ಕೆ ತನುಜ ಮತ್ತೆ ಫೋನ್ ಮಾಡಿದಾಗ ವೆಂಕಟರವಣಪ್ಪ ಕರಾರು ಹಾಕಿದರು. ದಿನಕ್ಕೆ ಹತ್ತೇ ಸಾವು, ನಡುನಡುವೆ ಟೀ. ಸಾಯುವವನು ಯಾರು, ಅವನ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಮೊದಲು ಹೇಳಬೇಕು. ಸಿದ್ಧಾರ್ಥ್ ಎಲ್ಲಕ್ಕೂ ಒಪ್ಪಿದ. ಹೊರಡುವ ದಿನ ಅವರು ಜೊತೆಗೆ ಚಿರಂಜೀವಿಯನ್ನೂ ಬಸ್ಸು ಹತ್ತಿಸಿಕೊಂಡರು, ಅರ್ಧ ಸಾವು ಅವನ ಪಾಲಿಗೆ.