ವರಪರೀಕ್ಷೆಗೆ ಒಂದು ಹಳೆಯ ಕಥೆ

ನನಗೆ ಚಂದ್ರನ ಮೇಲೆ ನಂಬಿಕೆಯಿಲ್ಲ. ಆಕಾಶದ ಚಂದ್ರನ ಮಾತಲ್ಲ. ಮುಂಬಯಿಯ ಸಾಂತಾಕ್ರೂಜಿನ ನಮ್ಮ ಚಾಳಿನ ಮೇಲೆ ಬರುವ ಚಂದ್ರ ಪಾಪದವನು, ವಿಮಾನಗಳಿಗೆ ದಾರಿ ಬಿಟ್ಟು ತನ್ನ ಪಾಡಿಗೆ ತಾನು ಹೋಗುತ್ತಾನೆ. ನಾನು ಹೇಳುತ್ತಿರುವುದು ಕವಿತೆಯ ಚಂದ್ರನ ಬಗ್ಗೆ. ಅವನು ಸುಮ್ಮನೆ ಬರುವ ಆಸಾಮಿಯಲ್ಲ. ಎರಡನೆಯ ಸಾಲಿನಲ್ಲಿ ಅವನು ಮುಖ ತೋರಿಸಿದನೆಂದರೆ ಎಂಟನೆಯ ಸಾಲಿನಲ್ಲಿ ಯಾರಾದರೂ ಅತ್ತೇ ಅಳುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಕಥೆಯಲ್ಲಿ ಬಾಗಿಲು ಕಿರ್ರೆಂದರೂ ನನಗೆ ಗುಮಾನಿ. ಎಣ್ಣೆ ಹಾಕಿಲ್ಲವೆಂದು ಕಿರ್ರೆಂದಿತೋ, ಕರ್ತೃ ಬೇಕೆಂದೇ ಕಿರ್ರೆನಿಸಿದನೋ?

ಈ ರೋಗ ಅಂಟಿದ್ದು ಧಾರವಾಡದ ಕಾಲೇಜಿನಲ್ಲಿ. ನಮ್ಮ ಹಿಂದಿನ ಕಾವ್ಯಶಾಸ್ತ್ರದವರು ಮಾತಿಗೆ ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂದು ಮೂರು ಅಂತಸ್ತಿನ ಮನೆ ಕಟ್ಟಿಕೊಟ್ಟರಷ್ಟೇ. ನಾನು ಕೆಳಗಿನ ಅಂತಸ್ತಿನಲ್ಲಿ ಚಪ್ಪಲಿ ಕೂಡ ಬಿಡದೆ ಸೀದಾ ಮೇಲಕ್ಕೇ ಹತ್ತುತ್ತಿದ್ದೆ. ದಾದರಿನಲ್ಲಿ ಗುಮಾಸ್ತಗಿರಿ ಸಿಕ್ಕ ಮೇಲೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ, ನಿಂತುಕೊಂಡೇ ಅನುಮಾನಪಟ್ಟೆ. ಪಕ್ಕದವನು ‘ಹವಾ ಚೆನ್ನಾಗಿದೆ’ ಎಂದರೂ, ಇವನ ಆಶಯವೇನಿರಬಹುದು ಎಂದು ಯೋಚಿಸಿ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇಷ್ಟಾದರೆ ನಷ್ಟವಿರಲಿಲ್ಲ. ಆದರೆ ನನಗೊಬ್ಬಳು ತಂಗಿ, ಸುಮಿತ್ರಾ. ತಾಯಿ ತೀರಿಕೊಂಡ ಮೇಲೆ ಊರಿನಿಂದ ನನ್ನ ಖೋಲಿಗೆ ಬಂದವಳು, ಆರು ವರ್ಷ ನನ್ನ ಸಂಸಾರ ನಡೆಸಿದಳು. ಎಪ್ಪತ್ತೆರಡು ಎಪ್ಪತ್ಮೂರನೆಯ ಇಸವಿಯ ಹೊತ್ತಿಗೆ ಅವಳಿಗೆ ಇಪ್ಪತ್ತೇಳು ದಾಟಿ ಊರಿನ ಕಾಗದಗಳೆಲ್ಲ ಒಂದೇ ಮಾತು ಕೇಳತೊಡಗಿದವು. ವರ ನೋಡಬೇಕು, ಸರಿ. ಮುಂಬಯಿಯಲ್ಲಿ ವರನನ್ನು ನೋಡುವುದೆಂದರೆ ಏನು ನೋಡಬೇಕು? ಇಸ್ತ್ರಿ ಮಾಡಿದ ಅಂಗಿಯ ಒಳಗೆ ಎಂಥ ಮನುಷ್ಯನಿದ್ದಾನೆಂದು ಯಾರು ಹೇಳುತ್ತಾರೆ? ಜಾತಕದ ಮೇಲೆ ನನಗೆ ಅನುಮಾನ, ಸಂಬಂಧ ತರುವ ವೆಂಕೋಬ ಮಾಮಾನ ಮೇಲೆ ಇನ್ನೂ ಅನುಮಾನ. ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಕೆಗೆ ತಂದೆ. ವರನಿಗೆ ಹದಿನೈದು ದಿನ ಮೊದಲೇ ಒಂದು ಹಳೆಯ ಕಥೆಯ ಪುಸ್ತಕ ಕಳಿಸುವುದು. ಬಂದ ದಿನ ಚಹಾ ಆದ ಮೇಲೆ ಮೂರು ಪ್ರಶ್ನೆ: ಕಥೆಯ ವಸ್ತು ಏನು? ಅದರಲ್ಲಿ ಬರುವ ನದಿ ಯಾವುದರ ಪ್ರತಿಮೆ? ನಿಮಗೆ ಹಿಡಿಸಿದ ಪಾತ್ರ ಯಾವುದು?

ಕಥೆ ದೊಡ್ಡದಲ್ಲ. ನದಿಯ ದಂಡೆಯ ಮೇಲೊಂದು ಮನೆ, ಮೂವರು ಅಣ್ಣತಮ್ಮಂದಿರು, ಆಸ್ತಿಯ ಜಗಳ. ನಾಲ್ಕು ದಿನ ಜಗಲಿಯಲ್ಲಿ ಕೂತು ಧರ್ಮ ಯಾವುದು, ಅಧರ್ಮ ಯಾವುದು ಎಂದು ವಾದಿಸುತ್ತಾರೆ. ಕಡೆಗೆ ದೊಡ್ಡಣ್ಣ ಎಲ್ಲವನ್ನೂ ತಮ್ಮಂದಿರಿಗೆ ಬಿಟ್ಟು, ಬೆಳಗಾಗುವ ಮೊದಲೇ ಹೊಳೆ ದಾಟಿ ಹೋಗಿಬಿಡುತ್ತಾನೆ. ಆ ಪುಟ ಬಂದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತಿತ್ತು. ನಾನೂ ದೊಡ್ಡಣ್ಣನೇ ಅಲ್ಲವೇ!

ಮೊದಲನೆಯ ವರ, ‘ದೊಡ್ಡಣ್ಣ ದೇವರಂಥವರು’ ಎಂದ. ಇಷ್ಟು ಬೇಗ ದೇವರನ್ನು ಕಂಡವನ ಮೇಲೆ ನನಗೆ ಸಂಶಯ ಬಂತು, ಬೇಡವೆಂದೆ. ಎರಡನೆಯವನಿಗೆ ಕಿರಿಯ ತಮ್ಮ ಇಷ್ಟವಂತೆ. ಆಸ್ತಿ ಸಿಕ್ಕಿದವರಲ್ಲಿ ಅವನೂ ಒಬ್ಬ ತಾನೆ, ಬೇಡ. ಮೂರನೆಯವನು ಕುರ್ಚಿಯ ಮೇಲೆ ಕೂಡುತ್ತಲೇ, ನಾನು ಬಾಯಿ ತೆರೆಯುವ ಮೊದಲೇ, ‘ನದಿ ಅಂದ್ರ ಕಾಲ ರೀ’ ಎಂದುಬಿಟ್ಟ. ವಿಚಾರಿಸಿದರೆ ವೆಂಕೋಬ ಮಾಮಾ ಪ್ರಶ್ನೆಪತ್ರಿಕೆಯನ್ನು ಉತ್ತರಸಹಿತ ಹಂಚುತ್ತಿದ್ದ. “ಏನ್ ಮಾಡ್ಲಿಪಾ, ನಿನ್ನ ಪರೀಕ್ಷಾದಾಗ ಯಾರೂ ಪಾಸ ಆಗವಲ್ರು” ಎಂದು ನನ್ನನ್ನೇ ದಬಾಯಿಸಿದ. ಅನುಮಾನಪಡುವವನಿಗೆ ಒಮ್ಮೊಮ್ಮೆ ಅನುಮಾನ ನಿಜವಾಗುವುದಕ್ಕಿಂತ ದೊಡ್ಡ ಅಪಾಯ ಬೇರೆಯಿಲ್ಲ. ಅಂದಿನಿಂದ ನಾನು ಇನ್ನಷ್ಟು ಬಿಗಿಯಾದೆ.

ನಾಲ್ಕನೆಯವನು ಬಸವರಾಜ, ಗದಗಿನ ಕಡೆಯವನು. ಜೋಗೇಶ್ವರಿಯ ಒಂದು ಸಣ್ಣ ಕಾರಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ. ಭಾನುವಾರ ಮಧ್ಯಾಹ್ನ ಬಂದ, ಪುಸ್ತಕ ಹಿಂತಿರುಗಿಸಿದ. ತೆರೆದು ನೋಡಿದೆ: ಒಂದು ಪುಟದ ಅಂಚಿನಲ್ಲಿ ಹೆಬ್ಬೆರಳಿನ ಗ್ರೀಸು. ಅದು ಯಾವ ಪುಟ? ಅಣ್ಣತಮ್ಮಂದಿರು ಊಟಕ್ಕೆ ಕೂತ ಪುಟ! ಹೊಟ್ಟೆಬಾಕ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ವಸ್ತುವೇನೆಂದು ಕೇಳಿದೆ.

“ನನಗ ಅದೆಲ್ಲಾ ತಿಳಿಯಂಗಿಲ್ರಿ” ಎಂದ ಬಸವರಾಜ. “ಖರೇ ಹೇಳಬೇಕಂದ್ರ ಒಂದು ಮಾತು ಕೇಳೂದಿತ್ತು. ನಾಕು ದಿನ ಕುಂತು ಮಾತಾಡ್ತಾರ. ಹೊತ್ತಹೊತ್ತಿಗೆ ತಾಟು ಬರ್ತಾವು, ನೀರು ಬರ್ತಾವು. ಅಡಿಗಿ ಯಾರು ಮಾಡಿದ್ರು? ಒಂದು ಕಡೆ ‘ಒಳಗಿನಿಂದ ಬಳೆಯ ಸಪ್ಪಳವಾಯಿತು’ ಅಂತ ಐತಿ, ಅಷ್ಟ. ಹೆಸರು ಸೈತ ಇಲ್ಲ. ಆ ಪುಟ ಎರಡು ಸಲ ಓದಿದೆ.”

ಅವನು ಹೋದ ಮೇಲೆ ನಾನು ಗೆದ್ದವನಂತೆ ಅಡಿಗೆಯ ಕಟ್ಟೆಯ ಕಡೆ ತಿರುಗಿದೆ. ಖೋಲಿ ಒಂದೇ, ಅಡ್ಡ ಒಂದು ಹಳೆಯ ಸೀರೆಯ ಪರದೆ. “ನೋಡಿದ್ಯಾ ಸುಮಿ? ಧರ್ಮದ ಕಥಿ ಕೊಟ್ರ ಇವನ ಕಣ್ಣಿಗೆ ಅಡಿಗಿ ಕಾಣ್ತು. ಇವಗ ಬೇಕಾಗಿದ್ದು ಹೆಂಡತಿ ಅಲ್ಲ, ಅಡಿಗಿಯಾಕಿ. ಬ್ಯಾಡ ಅಂತ ಮಾಮಾಗ ಹೇಳ್ತೀನಿ.”

ಹಿಂದಿನ ಮೂವರ ಸಲ ಅವಳು ‘ಹೂಂ’ ಎಂದಿದ್ದಳು. ಈ ಸಲ ಪರದೆ ಸರಿಸಿ ಹೊರಗೆ ಬಂದಳು.

“ಅಣ್ಣಾ, ಆ ಕಥಿ ನಾನೂ ಓದೀನಿ. ಗೊತ್ತೈತೇನು ನಿನಗ?”

ನನಗೆ ಗೊತ್ತಿರಲಿಲ್ಲ. ಆ ಪುಸ್ತಕ ಆರು ವರ್ಷದಿಂದ ಅದೇ ಖೋಲಿಯಲ್ಲಿತ್ತು, ಅವಳೂ ಆರು ವರ್ಷದಿಂದ ಅದೇ ಖೋಲಿಯಲ್ಲಿದ್ದಳು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ಇಷ್ಟು ದೊಡ್ಡ ವಿಮರ್ಶಕನಿಗೆ ಬಂದಿರಲಿಲ್ಲ.

“ಬಂದವರಿಗೆಲ್ಲಾ ಪ್ರಶ್ನಿ ಕೇಳಿದಿ. ನನ್ನ ಒಮ್ಮಿನೂ ಕೇಳಲಿಲ್ಲ.”

ನಾಚಿಕೆಯಾಯಿತು. ಆದರೂ ಮೇಷ್ಟ್ರ ಗತ್ತು ಬಿಡದೆ, “ಹಂಗಾರ ಹೇಳು, ದೊಡ್ಡಣ್ಣನ ಪಾತ್ರ ಹೆಂಗ?” ಎಂದೆ.

“ಒಳ್ಳೆಯವನ ಅದಾನ” ಎಂದಳು ಸುಮಿತ್ರಾ. “ಆದರ ಹೊಳಿ ದಾಟೂ ಮೊದಲ ಒಳಗ ಬಂದು ಆಕಿಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ಮರುದಿನ ಆಕಿ ಅವಗೂ ಸೇರಿಸೇ ರೊಟ್ಟಿ ಬಡದಿರ್ತಾಳ. ಆ ಮನಿಯಾಗ ಆಕಿ ಇದ್ದಾಳಂತ ಗೊತ್ತಾದದ್ದು ಇವತ್ತ ಬಂದ ಇವರೊಬ್ಬರಿಗೆ, ಅಣ್ಣಾ. ಇವರಿಗೆ ಬ್ಯಾಡ ಅನಬ್ಯಾಡ.”

ಎಷ್ಟೋ ಸಲ ಓದಿದ ಕಥೆಯಲ್ಲಿ ಆ ಮರುದಿನದ ರೊಟ್ಟಿ ನನಗೆ ಕಂಡಿರಲಿಲ್ಲ. ನದಿಯನ್ನು ಶೋಧಿಸಿದ್ದೆ, ಜಗಲಿಯನ್ನು ಶೋಧಿಸಿದ್ದೆ, ಬಳೆಯ ಸಪ್ಪಳವನ್ನೂ ‘ಮಾಯೆಯ ಸಂಕೇತ’ ಎಂದು ನನ್ನ ಟಿಪ್ಪಣಿಯ ವಹಿಯಲ್ಲಿ ಬರೆದಿಟ್ಟಿದ್ದೆ. ಎಲ್ಲರ ಮೇಲೂ ಅನುಮಾನಪಟ್ಟವನು ಓದುವ ಮನುಷ್ಯನಾದ ನನ್ನನ್ನು ಮಾತ್ರ ಹೇಗೆ ಬಿಟ್ಟುಬಿಟ್ಟೆನೋ! ಆರು ವರ್ಷ ಬಿಸಿ ರೊಟ್ಟಿ ತಿಂದ ನನಗೆ, ಅಡಿಗೆಯ ಮಾತೆತ್ತಿದವನು ಹೊಟ್ಟೆಬಾಕನಾಗಿ ಕಂಡಿದ್ದ.

ಮದುವೆ ಬೇಸಗೆಯಲ್ಲಿ ಆಯಿತು. ವೆಂಕೋಬ ಮಾಮಾ ಎಲ್ಲ ತನ್ನಿಂದಲೇ ಎಂದು ಓಡಾಡಿದ. ನಾನು ಅಡಿಗೆ ಕಲಿಯತೊಡಗಿದೆ, ಏಕೆಂದರೆ ಸಾಹಿತ್ಯಶಾಸ್ತ್ರದಿಂದ ಬೇಳೆ ಬೇಯುವುದಿಲ್ಲ.

ಶ್ರಾವಣದ ಒಂದು ಭಾನುವಾರ ಗಂಡಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದೆ. ಜೋಳದ ಹಿಟ್ಟು ಹುಡುಕಿ ತಂದು, ಬೆಳಗಿನಿಂದ ರೊಟ್ಟಿ ಬಡಿದೆ. ಗುಂಡಗೆ ಒಂದೂ ಬರಲಿಲ್ಲ. ಅಂಚು ಕರಿಕು, ನಡುವೆ ಹಸಿ. ಸುಮಿತ್ರಾ ತಲೆ ತಗ್ಗಿಸಿ ನಗು ನುಂಗುತ್ತಿದ್ದಳು. ಬಸವರಾಜ ಬಹಳ ಹೊತ್ತು ಅಗಿದ, ನೀರು ಕುಡಿದ, ಮತ್ತೆ ಅಗಿದ. ಆಮೇಲೆ ನನ್ನ ಮುಖ ನೋಡಿ, “ಚೊಲೋ ಆಗ್ಯಾವ್ರಿ, ಅಣ್ಣಾರ” ಎಂದ.

ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಥ ಕೆದಕಲು ಹೋಗಲಿಲ್ಲ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.