ತಿರುಗಿಸಿ ನೋಡಿದ ಹೊಲಿಗೆ

ಬೆಳಕು ಹರಿಯುವ ಮೊದಲೇ ದರ್ಜಿ ಅಕ್ಕ ನೀರು ಹಿಡಿದು, ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸಿ, ಒದ್ದೆ ಬಟ್ಟೆ ಒಗೆದು, ಗಂಡನ ಡಬ್ಬಿ ಕಟ್ಟಿ, ಆರು ಅಂಗಿಗಳಿಗೆ ಗುಂಡಿ ಹಾಕಿದ್ದಳು. ನಾಳೆಯಿಂದ ಅವಳಿಗೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಸ ಕೆಲಸ. ಅಷ್ಟರೊಳಗೆ ಅತ್ತೆಯನ್ನು ನೋಡಿಕೊಳ್ಳಲು ಒಬ್ಬ ನರ್ಸ್ ಸಿಗಬೇಕು.

"ನರ್ಸ್ ಕಳಿಸೋ ಈ ಕಂಪನಿಗೆ ಐದಕ್ಕೆ ಐದು ಸ್ಟಾರು ಕಣೇ! ಅಡ್ವಾನ್ಸ್ ಕಳಿಸಿಬಿಡು," ಎಂದು ಫೋನು ತೋರಿಸಿ ಗಂಡ ಹೊರಟ.

"ಅವನು ಮೇಲಿನ ಥಳಕಿಗೆ ಮರುಳಾಗೋನು. ನನ್ನ ಯಾರ ಕೈಗೆ ಕೊಡ್ತೀಯೋ ನೋಡಿ ಕೊಡಮ್ಮ," ಎಂದರು ಅತ್ತೆ.

ಅಕ್ಕ ಕುಳಿತಲ್ಲಿ ಕೂರಲಾರದೆ, ಆ ಕಂಪನಿಯ ಬಗ್ಗೆ ಜನ ಬರೆದದ್ದನ್ನು ತನ್ನ ಫೋನಿನಲ್ಲಿ ಓದಿದಳು. ಹೊಗಳಿಕೆಯೆಲ್ಲ ಒಂದೇ ದಿನದ್ದು, ಒಂದೇ ಅಳತೆಗೆ ಕತ್ತರಿಸಿದಂತಿತ್ತು. ಫೋನ್ ಮಾಡಿ, "ಬರೋರು ಯಾರು?" ಎಂದಳು.

"ಮೊದಲು ದುಡ್ಡು ಹಾಕಿ ಮೇಡಂ, ಆಮೇಲೆ ಹೇಳ್ತೀವಿ."

ಇನ್ನೊಂದು ಕಂಪನಿಗೆ ಮೂರೂವರೆ ಸ್ಟಾರು. ನರ್ಸ್ ತಡವಾಗಿ ಬಂದಳೆಂದು ಯಾರೋ ಬೈದಿದ್ದರು. ಮಾಲೀಕಳು ತನ್ನ ಹೆಸರು ಹಾಕಿಯೇ ಕ್ಷಮೆ ಕೇಳಿದ್ದಳು. ಬೈದವರೇ ಕೆಳಗೆ, 'ಬೇರೆಯವರನ್ನು ಕಳಿಸಿದರು, ಈಗ ಸರಿಹೋಯಿತು' ಎಂದು ಬರೆದಿದ್ದರು. ತಿರುಗಿಸಿ ನೋಡಿದರೆ, ತಪ್ಪಿದಲ್ಲಿ ಬಿಚ್ಚಿ ಮತ್ತೆ ಹಾಕಿದ ಹೊಲಿಗೆ ಕಾಣುವ ಬಟ್ಟೆ ಇದು, ಎಂದುಕೊಂಡಳು. ಆದರೆ ಫೋನ್ ಮಾಡಿ ಕೇಳಿದರೆ, ಅಲ್ಲಿಂದ ನರ್ಸ್ ಬರುವುದು ನಾಡಿದ್ದು ಎಂದರು. ಕೆಲಸ ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ.

ಗಂಡನನ್ನು ಕೇಳದೆಯೇ ಅವಳು ಮೂರೂವರೆ ಸ್ಟಾರಿನವರನ್ನು ಗೊತ್ತುಮಾಡಿದಳು. ಆಮೇಲೆ ಒಂದು ದಿನದ ರಜೆ ಕೇಳಲು ಗಾರ್ಮೆಂಟ್ಸ್ ಮೇಲ್ವಿಚಾರಕರ ನಂಬರ್ ಒತ್ತಿದಳು.